ಎದುರಾಳಿಯೂ ಗೌರವಿಸಿದ ಹುಡುಗ
ಢಾಕಾದಲ್ಲಿ ಪಾಕ್ ಸೇನೆ ಶರಣಾದ 1971ರ ಡಿಸೆಂಬರ್ 16ರಂದೇ, ಪಶ್ಚಿಮ ಗಡಿಯ ಬಸಂತರ್ ಕಾಳಗದಲ್ಲಿ ಸೆಕೆಂಡ್ ಲೆಫ್ಟಿನೆಂಟ್ ಅರುಣ್ ಖೇತ್ರಪಾಲ್ ಮಡಿದರು. ವಯಸ್ಸು ಬರೀ 21. ಅಧಿಕಾರಿಯಾಗಿ ಆರು ತಿಂಗಳಷ್ಟೇ ಆಗಿತ್ತು. ಟ್ಯಾಂಕಿಗೆ ಬೆಂಕಿ ಹತ್ತಿದಾಗ ಇಳಿದು ಬರುವಂತೆ ಆದೇಶ ಬಂತು. ಫಿರಂಗಿ ಇನ್ನೂ ಕೆಲಸ ಮಾಡುತ್ತಿದೆ ಎಂದವರು ಕದಲಲಿಲ್ಲ. ಮರಣೋತ್ತರವಾಗಿ ಪರಮವೀರ ಚಕ್ರ ಸಂದಿತು. 2001ರಲ್ಲಿ ಅವರ ವೃದ್ಧ ತಂದೆ, ತಮ್ಮ ಹುಟ್ಟೂರು ನೋಡಲು ಪಾಕಿಸ್ತಾನಕ್ಕೆ ಹೋಗಿ, ಲಾಹೋರಿನಲ್ಲಿ ಪಾಕ್ ಸೇನೆಯ ಬ್ರಿಗೇಡಿಯರ್ ನಾಸೆರ್ ಅವರ ಮನೆಯಲ್ಲಿ ಉಳಿದರು. ಅರುಣ್‌ರನ್ನು ಕೊಂದದ್ದು ತಾನೇ ಎಂದು ಆತಿಥೇಯರೇ ಹೇಳಿಕೊಂಡರು. ಆ ಶೌರ್ಯವನ್ನು ಮನಸಾರೆ ಕೊಂಡಾಡಿದರು. ಹಾಗೆ ಹೇಳಲೂ ಎದೆಗಾರಿಕೆ ಬೇಕು, ಕೇಳಿಸಿಕೊಳ್ಳಲು ಇನ್ನೂ ಹೆಚ್ಚಿನದು ಬೇಕು. ವೀರರನ್ನು ನೆನೆಯಲು ದ್ವೇಷದ ಹಂಗು ಬೇಕಿಲ್ಲ. ಡಿಸೆಂಬರ್ 16ರ ವಿಜಯ ದಿವಸದಂದು ನಮ್ಮ ಮಕ್ಕಳಿಗೆ ಗೆಲುವಿನ ಕಥೆಯೊಂದಿಗೆ ಈ ಕಥೆಯನ್ನೂ ಹೇಳೋಣ.