ಮೊಡವೆಗೆ ಹೆದರಿ ಮಾತ್ರೆ ಬಿಡಿಸಬೇಡಿ

ಹತ್ತನೇ ತರಗತಿಯಲ್ಲಿ ಮೊಡವೆ ಇಲ್ಲದ ಮುಖ ಎಷ್ಟಿದೆ? ಆದರೆ ಖಿನ್ನತೆಗೆ ಮದ್ದು ಮಾಡುವ ಮಗುವಿನ ಮುಖದಲ್ಲಿ ನಾಲ್ಕು ಮೊಡವೆ ಎದ್ದರೆ, "ಮಂಡೆಯ ಮಾತ್ರೆ ಉಷ್ಣ, ನಿಲ್ಲಿಸು" ಎನ್ನುವವರು ನಾವೇ, ಹೆತ್ತವರು ಮತ್ತು ಅಧ್ಯಾಪಕರು!

ಫ್ಲುವೊಕ್ಸೆಟಿನ್‌ನಂಥ ಖಿನ್ನತೆಯ ಮಾತ್ರೆಗಳಿಂದ ಮೊಡವೆ ಬರುವುದು ಅಪರೂಪ. ಲಿಥಿಯಂನಿಂದ ಬರಬಹುದು, ಅದು ಹೆಚ್ಚಾಗಿ ಬೈಪೋಲಾರ್ ಕಾಯಿಲೆಗೆ ಕೊಡುವ ಮದ್ದು. ಬಂದರೂ ಮೊಡವೆಗೆ ಬೇರೆ ಚಿಕಿತ್ಸೆ ಇದೆ. ಮಾತ್ರೆ ಬದಲಿಸುವುದು, ಕಡಿಮೆ ಮಾಡುವುದು ವೈದ್ಯರ ಕೆಲಸ. ನಾವಾಗಿ ಥಟ್ಟನೆ ನಿಲ್ಲಿಸಿದರೆ ತಲೆಸುತ್ತು, ನಿದ್ದೆಗೇಡು ಬರಬಹುದು, ಖಿನ್ನತೆಯೂ ಮರಳಬಹುದು. ಮೈಮೇಲೆ ದದ್ದು ಎದ್ದರೆ ಮಾತ್ರ ಅಲರ್ಜಿ ಇರಬಹುದು, ಅದೇ ದಿನ ವೈದ್ಯರಿಗೆ ತೋರಿಸಬೇಕು.

ಇಷ್ಟು ನಮಗೇಕೆ ತಿಳಿಯಲಿಲ್ಲ? ಕಾಸರಗೋಡಿನ ನಾವು ವೈದ್ಯರು ಮಲಯಾಳದಲ್ಲಿ ಹೇಳಿದ್ದಕ್ಕೆಲ್ಲ ತಲೆಯಾಡಿಸಿ ಬರುತ್ತೇವೆ. ಮದ್ದಿನ ಚೀಟಿ ಇಂಗ್ಲಿಷಿನಲ್ಲಿ. 2017ರ ಮಾನಸಿಕ ಆರೋಗ್ಯ ಕಾಯ್ದೆಯ 22ನೇ ಕಲಮು ಏನು ಹೇಳುತ್ತದೆ ಗೊತ್ತೆ? ಚಿಕಿತ್ಸೆಯ ವಿವರ, ಅದರ ಅಡ್ಡಪರಿಣಾಮ, ಎಲ್ಲವನ್ನೂ ರೋಗಿಗೆ ಅರ್ಥವಾಗುವ ಭಾಷೆಯಲ್ಲಿ ತಿಳಿಸಬೇಕು. ಶಾಲೆಗೆ, ನಾಮಫಲಕಕ್ಕೆ ಕನ್ನಡ ಕೇಳುವ ನಾವು ಆಸ್ಪತ್ರೆಯಲ್ಲಿ ಬಾಯಿ ಮುಚ್ಚುವುದೇಕೆ? ಅಲ್ಲಿಯೂ ಕೇಳೋಣ. ಅಲ್ಲಿವರೆಗೆ ಮಗುವಿನ ಮಾತ್ರೆಗೆ ಕೈ ಹಾಕದಿರೋಣ.