ಮಡಿಕೆ ಮೇಲಿನ ಗೆರೆಗೂ ಕೂಲಿ ಕೊಡ್ರಿ

"ಕಡಿಮಿ ಮಾಡ್ರಿ. ಮಣ್ಣೇನು ರೊಕ್ಕ ಕೊಟ್ಟು ತಂದೀರೇನು?"

ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ. ಯಾವ ಸಂತೆಯಲ್ಲಾದರೂ ಮಡಿಕೆ ಮುಂದೆ ನಿಂತು ನಾವು ಆಡುವ ಮಾತಿದು. ಇದೇ ನಾವು ಮೆಣಸಿನಕಾಯಿ ಚೀಲ ಹೇರಿಕೊಂಡು ಬ್ಯಾಡಗಿ ಮಾರುಕಟ್ಟೆಗೆ ಹೋದರೆ, ಬಣ್ಣ ನೋಡ್ರಿ, ಸುಕ್ಕು ನೋಡ್ರಿ ಎಂದು ಹೆಚ್ಚಿನ ದರ ಕೇಳುತ್ತೇವೆ. ಆ ಸುಕ್ಕಿನ ಕಾಯಿಗೆ 2011ರಲ್ಲಿ ಜಿಐ ಮಾನ್ಯತೆಯೂ ಬಂತು. ಕಾಯಿಯ ಸುಕ್ಕಿಗೆ ದರ ಇದೆ, ಮಡಿಕೆಯ ಗೆರೆಗೆ ಯಾಕಿಲ್ಲ?

ಆ ಗೆರೆ ಸುಮ್ಮನೆ ಬರುವುದಿಲ್ಲ. ಹೂಜಿಯ ಕೊರಳಿನ ಸಾಲುಗೆರೆಯನ್ನು ತಿಗರಿ ತಿರುಗುವಾಗಲೇ, ಮಣ್ಣು ಹಸಿ ಇದ್ದಾಗಲೇ, ಬಾಚಣಿಕೆ ಹಲ್ಲಿನಿಂದ ಎಳೆಯಬೇಕು. ಹೂಬಳ್ಳಿ ಕೊರೆಯಲು, ದೀಪದ ಗೂಡಿಗೆ ಕಿಂಡಿ ಬಿಡಿಸಲು ಕಾಯಬೇಕು. ಹೆಬ್ಬೆರಳು ಒತ್ತಿದರೆ ತಗ್ಗು ಬೀಳಬಾರದು, ಉಗುರಿನಿಂದ ಗೀರಿದರೆ ಗುರುತು ಮೂಡಬೇಕು. ಆ ಹದದಲ್ಲೇ ಕೊರೆಯಬೇಕು. ಹಸಿ ಹೆಚ್ಚಾದರೆ ಅಂಚು ಕಿತ್ತು ಬರುತ್ತದೆ, ಒಣಗಿದರೆ ಚಕ್ಕೆ ಹಾರುತ್ತದೆ. ಆಳ ಹೆಚ್ಚಾದರೆ ಆವಿಗೆಯಲ್ಲಿ ಸೀಳುತ್ತದೆ. ಕೊರೆದ ಮೇಲೂ ನೆರಳಲ್ಲಿಟ್ಟು, ಬಟ್ಟೆ ಮುಚ್ಚಿ, ನಿಧಾನವಾಗಿ ಆರಿಸಬೇಕು. ಒಂದು ಸೀಳಿದರೆ ಮಣ್ಣು, ಕಟ್ಟಿಗೆ, ದುಡಿಮೆ ಮೂರೂ ಹೋದವು.

ಸುದ್ದಿ ಬರೆಯುವ ನಮ್ಮ ತಪ್ಪೂ ಇದೆ. ದೀಪಾವಳಿಗೆ ವಾರ ಮೊದಲು ಕುಂಬಾರ ಓಣಿಗೆ ಹೋಗಿ, ತಿಗರಿ ಮುಂದೆ ಕೂತ ಅಜ್ಜನ ಫೋಟೊ ತೆಗೆದು, 'ಅಳಿವಿನಂಚಿನಲ್ಲಿ ಕುಂಬಾರಿಕೆ' ಎಂದು ತಲೆಬರಹ ಕೊಟ್ಟು ಕೈತೊಳೆದುಕೊಳ್ಳುತ್ತೇವೆ. ಒಂದು ಹಣತೆಗೆ ಎಷ್ಟು ಉಳಿಯಿತು ಎಂದು ಕೇಳಿದವರು ನಮ್ಮಲ್ಲಿ ಎಷ್ಟು ಮಂದಿ? ಕುಂಬಾರ ತಾಯಿಯ ಮಗನೆಂದು ನಾವು ಹೇಳಿಕೊಳ್ಳುವ ನಮ್ಮ ಜಿಲ್ಲೆಯ ಸರ್ವಜ್ಞನಿಗೆ ಫೆಬ್ರುವರಿ 20ಕ್ಕೆ ಮಾಲೆ ಹಾಕುತ್ತೇವೆ. ವೇದಿಕೆಯ ಮೇಲೆ ಕುಡಿಯುವ ನೀರು ಮಾತ್ರ ಪ್ಲಾಸ್ಟಿಕ್ ಬಾಟಲಿಯಲ್ಲಿ.

2023ರ ಸೆಪ್ಟೆಂಬರ್ 17ರಂದು ಶುರುವಾದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಕುಂಬಾರಿಕೆಯೂ ಸೇರಿದೆ. ಉಪಕರಣಕ್ಕೆ 15,000 ರೂಪಾಯಿವರೆಗೆ ನೆರವು, ಮೊದಲ ಹಂತದ ತರಬೇತಿ 5ರಿಂದ 7 ದಿನ, ದಿನಕ್ಕೆ 500 ರೂಪಾಯಿ ಭತ್ಯೆ. ಬೇಡ ಅನ್ನುವುದಿಲ್ಲ. ಆದರೆ ಒಂದು ವಾರದಲ್ಲಿ ಹದ ಕೈಗೆ ಹತ್ತುವುದಿಲ್ಲ. ಕರೆಂಟ್ ತಿಗರಿಯಿಂದ ಮಡಿಕೆ ಹೆಚ್ಚು ಬರುತ್ತವೆ, ಕೊಳ್ಳುವವರು ಅಷ್ಟೇ ಇದ್ದರೆ ದರ ಇನ್ನೂ ಇಳಿಯುತ್ತದೆ. ಸಾದಾ ಕೊಡವನ್ನು ಪ್ಲಾಸ್ಟಿಕ್ ಕೊಡ ಸೋಲಿಸಿಬಿಟ್ಟಿದೆ. ಕೈಯಿಂದ ಕೊರೆದದ್ದಕ್ಕೆ ಅದು ಸಾಟಿಯಾಗದು. ಕುಂಬಾರರಿಗೆ ನಾಲ್ಕು ಕಾಸು ಹೆಚ್ಚು ಸಿಗುವುದಿದ್ದರೆ ಅಲ್ಲೇ.

ಅದಕ್ಕೆ ನಮ್ಮ ಬೇಡಿಕೆ ಇಷ್ಟು. ತರಬೇತಿಯಲ್ಲಿ ಕೊರೆಯುವ ಕೆಲಸಕ್ಕೇ ದಿನಗಳನ್ನು ಮೀಸಲಿಡಲಿ. ಓಣಿಯ ಹಿರಿಯರೇ ಕಲಿಸಲಿ, ಅವರಿಗೂ ಸಂಭಾವನೆ ಸಿಗಲಿ. ಕೆರೆ ಹೂಳೆತ್ತುವಾಗ ಒಳ್ಳೆಯ ಮಣ್ಣು ಮೊದಲು ಕುಂಬಾರರಿಗೆ ಎಂದು ಪಂಚಾಯಿತಿಗಳು ಠರಾವು ಮಾಡಲಿ. ಸರ್ಕಾರಿ ಸಮಾರಂಭಗಳ ನೆನಪಿನ ಕಾಣಿಕೆ ನಮ್ಮ ಮಣ್ಣಿನದಾಗಲಿ.

ಇನ್ನು ನಮ್ಮ ನಿಮ್ಮ ಪಾಲಿನದು. ಮುಂದಿನ ಸಂತೆಯಲ್ಲಿ ಮಡಿಕೆ ತಟ್ಟಿ ನೋಡ್ರಿ, ಗೆರೆ ಮುಟ್ಟಿ ನೋಡ್ರಿ, ಹೇಳಿದ ರೇಟ್ ಕೊಡ್ರಿ. ಮಣ್ಣು ರೊಕ್ಕ ಕೊಟ್ಟೇ ತಂದದ್ದು. ಟ್ರ್ಯಾಕ್ಟರ್ ಬಾಡಿಗೆ ಎಷ್ಟಾಯ್ತು ಅಂತ ಒಮ್ಮೆ ಕೇಳ್ರಿ, ಅವರೇ ಹೇಳುತ್ತಾರೆ.