ಫಾಂಟು ಕಾಣೆಯಾದರೆ ಕನ್ನಡವನ್ನೇಕೆ ದೂರುವಿರಿ?



ಹಳೆಯ ವಿದ್ಯಾರ್ಥಿಗಳ ಸಮ್ಮಿಲನಕ್ಕೆಂದು ಹಾಸನದಲ್ಲಿ ಸಿದ್ಧಪಡಿಸಿದ ಆಹ್ವಾನಪತ್ರಿಕೆಯನ್ನು ಹೊಳೆನರಸೀಪುರದ ಮುದ್ರಣಾಲಯವೊಂದರಲ್ಲಿ ತೆರೆದಾಗ, ಫೋಟೋಶಾಪ್ ಫಾಂಟು ಇಲ್ಲವೆಂದು ಎಚ್ಚರಿಸಿತು. ತಿದ್ದಲು ಹೊರಟೊಡನೆ ದಿವಂಗತ ಸಹೋದ್ಯೋಗಿಗಳ ಹೆಸರುಗಳು ರೋಮನ್ ಅಕ್ಷರಗಳ ಕಲಸುಮೇಲೋಗರವಾದವು. "ಮೇಷ್ಟ್ರೇ, ಕನ್ನಡದ್ದು ಯಾವಾಗಲೂ ಇದೇ ತಾಪತ್ರಯ, ಇಂಗ್ಲಿಷಿನಲ್ಲೇ ಹಾಕಿಸಿಬಿಡಿ" ಎಂದನು ಅಲ್ಲಿನ ಹುಡುಗ. ನಾನು ಒಪ್ಪಲಿಲ್ಲ.

ದೋಷವು ಕನ್ನಡದ್ದಲ್ಲ, ನಮ್ಮ ರೂಢಿಯದು. ನುಡಿ, ಬರಹಗಳ ಹಳೆಯ ಫಾಂಟುಗಳನ್ನು ಬಳಸಿದಾಗ ಕಡತದೊಳಗಿರುವುದು ರೋಮನ್ ಸಂಕೇತಗಳೇ; ಫಾಂಟು ಅವಕ್ಕೆ ಕನ್ನಡದ ವೇಷ ತೊಡಿಸುತ್ತದೆ, ಅಷ್ಟೆ. ಯೂನಿಕೋಡಿನಲ್ಲಿ 1991ರಿಂದಲೂ ನಮ್ಮ ಅಕ್ಷರಗಳಿಗೆ ಸ್ವಂತ ಸ್ಥಾನವಿದೆ. ಅಲ್ಲಿ ಫಾಂಟು ಸಿಗದೆ ಬರಿಯ ಚೌಕಗಳೇ ಕಂಡರೂ ಒಳಗಿನ 'ಕ' ಅಕ್ಷರವು 'ಕ'ವಾಗಿಯೇ ಉಳಿಯುತ್ತದೆ. ನೋಟೊದಂತಹ ಫಾಂಟುಗಳು ಉಚಿತವಾಗಿಯೇ ದೊರೆಯುತ್ತವೆ. ಫೋಟೋಶಾಪಿನಲ್ಲಿ ದಕ್ಷಿಣ ಏಷ್ಯಾ ಲಿಪಿಗಳ ಜೋಡಣೆ ಇದ್ದರೆ ಒತ್ತಕ್ಷರಗಳೂ ಸರಿಯಾಗಿ ಕೂಡುತ್ತವೆ. ಹಳೆಯ ಕಡತಗಳ ಪಠ್ಯವನ್ನು ಯೂನಿಕೋಡಿಗೆ ತಿರುಗಿಸುವ ಪರಿವರ್ತಕಗಳೂ ಇವೆ.

ಆದುದರಿಂದ ಅರಕಲಗೂಡಿನಲ್ಲಾಗಲಿ, ಚನ್ನರಾಯಪಟ್ಟಣದಲ್ಲಾಗಲಿ, ಲಗ್ನಪತ್ರಿಕೆ ಮಾಡಿಸುವಾಗ "ಯೂನಿಕೋಡಿನಲ್ಲಿ ಮಾಡಿ, ಯಾವ ಫಾಂಟೆಂದು ಬರೆದುಕೊಡಿ" ಎಂದು ಕೇಳಿರಿ. ನಾವು ಕೇಳದಿದ್ದರೆ ಅವರೇಕೆ ಕಲಿತಾರು? ತರಗತಿಯಲ್ಲಿ ಕಾಗುಣಿತ ತಪ್ಪಿದವರಿಗೆ ನಾನು ಭಾಷೆ ಬದಲಿಸಿರೆಂದು ಹೇಳಲಿಲ್ಲ, ಮತ್ತೆ ಬರೆಯಿರೆಂದೆ. ಇಂದಿಗೂ ಹೇಳುವುದು ಅದನ್ನೇ.